ಬರಬೇಡಿ ಎಂಬ ಮೆಸೇಜು

ಕೆಲವರಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನಗೆ ಸಂತೋಷ ನಿಲ್ಲುವುದಿಲ್ಲ. ಒಳ್ಳೆಯ ಬಂಗಡೆ ಸಾರು ಉಂಡರೂ ನಾಲ್ಕು ಮಂದಿಗೆ ಹೇಳಿದರೇ ಸಮಾಧಾನ. ಈ ಚಟದಿಂದಲೇ ನಾನೊಂದು ಕಡಲತೀರವನ್ನು ಕಳೆದುಕೊಂಡೆ. ಅದು ಹಾರವಾಡದ ಆಸುಪಾಸಿನಲ್ಲಿದೆ ಎಂದಷ್ಟೇ ಹೇಳುತ್ತೇನೆ. ಸರಿಯಾಗಿ ದಾರಿ ಹೇಳಿ ಒಮ್ಮೆ ಅನುಭವಿಸಿದ್ದು ಸಾಕು.

ಆಗ ನನ್ನ ಮನೆ ಅಂಕೋಲೆಯಲ್ಲಿ, ಗುಮಾಸ್ತಿಕೆ ಕಾರವಾರದಲ್ಲಿ. ವಾರವಿಡೀ ಕಚೇರಿಯ ಕಿಟಕಿಯಾಚೆಯ ಮುಖಗಳನ್ನು ನೋಡಿ ಸಾಕಾಗಿ, ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಆ ತೀರಕ್ಕೆ ಹೋಗಿ ಕೂರುತ್ತಿದ್ದೆ. ಮರಳ ಮೇಲೆ ತಾರ್ಲೆ ಮೀನು ಒಣಗಿಸುವ ಮಾದೇವಕ್ಕನ ಹೊರತು ಅಲ್ಲಿ ಯಾರೂ ಇರುತ್ತಿರಲಿಲ್ಲ. "ಬಾ ತಮಾ, ಚಾ ಕುಡೀತ್ಯಾ?" ಎನ್ನುತ್ತಿದ್ದಳು. ಆಮೇಲೆ ಒಂದು ತಾಸು ಇಬ್ಬರಿಗೂ ಮಾತಿಲ್ಲ. ಹೆಂಡತಿಯ ಜೊತೆ ಹಾಗೆ ಕೂತರೆ ಜಗಳವಾಗಿದೆ ಎಂದೇ ಅರ್ಥ, ಅಲ್ಲಿ ಹಾಗಿರಲಿಲ್ಲ. ಆ ಒಂದು ತಾಸು ಈಗಲೂ ನನಗೆ ಬೇಕು ಅನಿಸುತ್ತದೆ.

ಅಷ್ಟರಲ್ಲಿ ಮನೆಗೆ ಇಂಟರ್ನೆಟ್ ಬಂತು, ನನಗೆ ಬ್ಲಾಗಿನ ಹುಚ್ಚು ಹಿಡಿಯಿತು. ತೀರದ ನಾಲ್ಕು ಫೋಟೋ ಹಾಕಿ, ಹೋಗುವ ದಾರಿ ಬರೆದು, ಕೊನೆಗೆ 'ಇಲ್ಲಿ ಯಾರೂ ಇರುವುದಿಲ್ಲ' ಎಂದೂ ಸೇರಿಸಿದೆ. ಅದನ್ನು ಓದಿದವರೆಲ್ಲ ಒಟ್ಟಿಗೇ ಬಂದರು. ಎರಡೇ ತಿಂಗಳಲ್ಲಿ ಮೀನು ಹರಡುವ ಜಾಗದ ತುಂಬ ಕಾರುಗಳು, ಉಳಿದ ಜಾಗದಲ್ಲಿ ಕ್ರಿಕೆಟ್ಟು. ಮಳೆಗೆ ಮೊದಲು ಮೀನು ಒಣಗದಿದ್ದರೆ ಮಳೆಗಾಲವಿಡೀ ಮಾದೇವಕ್ಕನ ಬುಟ್ಟಿಯಲ್ಲಿ ಮಾರಲು ಏನೂ ಇರುವುದಿಲ್ಲ.

"ಕಂಪ್ಯೂಟರಲ್ಲಿ ಕರದೋನು ನೀನೇ. ಕಂಪ್ಯೂಟರಲ್ಲೇ ವಾಪಸ್ ಕಳ್ಸು," ಅಂದಳು. ಸಿಟ್ಟು ಮಾಡದೆ ಅಂದಳು, ಅದಕ್ಕೇ ಹೆಚ್ಚು ಚುಚ್ಚಿತು.

ನಾನೂ ತಲೆ ಓಡಿಸಿದೆ. ದಿನಕ್ಕೆ ಎರಡೇ ಗಾಡಿ, ಅದನ್ನೂ ಹೆದ್ದಾರಿ ಬದಿಗೆ ಬಿಟ್ಟು ನಡೆದು ಬರಬೇಕು, ಬರುವ ಮೊದಲು ಮೆಸೇಜು ಕಳಿಸಿ ಕೇಳಬೇಕು ಎಂದು ಬ್ಲಾಗಿನಲ್ಲಿ ಹಾಕಿದೆ. ಕೊಟ್ಟ ನಂಬರು ಮಾದೇವಕ್ಕನ ಮಗಳು ಸುಮಿತ್ರಾಳದ್ದು. ಬರಬಹುದೋ ಬಾರದೋ ಎಂದು ತಾಯಿ ಹೇಳಬೇಕು, ಮಗಳು ಉತ್ತರ ಒತ್ತಬೇಕು. ಇಡೀ ಜಿಲ್ಲೆಯ ಪ್ರವಾಸೋದ್ಯಮವನ್ನೇ ತಿದ್ದಿದವನಂತೆ ಹೆಂಡತಿಯೆದುರು ಎರಡು ದಿನ ಎದೆಯುಬ್ಬಿಸಿ ತಿರುಗಿದೆ.

ಭಾನುವಾರ ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ಸುಮಿತ್ರಾಳ ಮೊಬೈಲು ಇಸಿದುಕೊಂಡು ನೋಡಿದೆ. ಶನಿವಾರ ಬರುತ್ತೇವೆಂದ ಮೊದಲ ಇಬ್ಬರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ಬನ್ನಿ' ಎಂದಿತ್ತು. ಉಳಿದ ಅಷ್ಟೂ ಮಂದಿಗೆ 'ನಾಳೆ ಬನ್ನಿ'.

"ಬರಬೇಡಿ ಅಂತ ಒತ್ತೂಕೆ ಹೇಳಿದ್ದೆನಲ್ಲ?" ಅಂದೆ.

ಸುಮಿತ್ರಾ ತಾಯಿಯ ಮುಖ ನೋಡಿದಳು. "ಬತ್ತೇವೆ ಅಂದೋರಿಗೆ ಬರಬ್ಯಾಡಿ ಹೇಳೂಕೆ ಆಗ್ತದಾ ತಮಾ?" ಅಂದಳು ಮಾದೇವಕ್ಕ. "ನಮ್ಮನೇಲಿ ಯಾರೂ ಹಂಗೆ ಹೇಳೂದಿಲ್ಲ."

ನಮ್ಮ ಕಡೆ ಹೊರಟು ನಿಂತವನೂ 'ಹೋಗ್ತೆ' ಅನ್ನುವುದಿಲ್ಲ, 'ಬರ್ತೆ' ಅನ್ನುತ್ತಾನೆ. ಅಂಥಲ್ಲಿ ಇಂಥ ಮೆಸೇಜು ಎಲ್ಲಿಂದ ಹುಟ್ಟಬೇಕು? ಆದರೂ ನಾನು ಬಿಡಲಿಲ್ಲ. ಮೀನು ಕೊಳೆಯುತ್ತಿದೆ, ಇನ್ನೂ ಮರ್ಯಾದೆ ನೋಡ್ತಿ ಎಂದು ಬೈದು, ಮೂರು ಭಾನುವಾರ ಎದುರಿಗೆ ಕೂತು ಮಾದೇವಕ್ಕನಿಗೆ 'ಬೇಡ' ಎಂದು ಹೇಳಲು ಕಲಿಸಿದೆ. ಮೊದಮೊದಲು 'ಬ್ಯಾಡ, ಬಂದ್ರೆ ಚಾ ಕುಡ್ಕಂಡೋಗಿ' ಎಂದು ಒತ್ತಿಸುತ್ತಿದ್ದಳು. ಬರಬರುತ್ತ ಚಾ ಬಿಟ್ಟುಹೋಯಿತು. ಕಾರುಗಳು ಕಡಿಮೆಯಾದವು, ಮೀನು ಒಣಗಿತು.

ಮಳೆ ಹಿಡಿಯುವ ಮೊದಲು ಒಮ್ಮೆ ಸುಮ್ಮನೆ ಕೂತು ಬರೋಣವೆಂದು ಹೋದೆ. ಎಷ್ಟು ಆಸೆಯಿಂದ ಹೋದೆನೆಂದರೆ, ನಾನೇ ಹಾಕಿದ ನಿಯಮದಂತೆ ಸ್ಕೂಟರನ್ನೂ ಹೆದ್ದಾರಿ ಬದಿಗೇ ಬಿಟ್ಟು ನಡೆದೆ. ದೂರದಲ್ಲಿ ನಾಲ್ಕೈದು ಜನ ಗಲಾಟೆಯಿಲ್ಲದೆ ಕೂತಿದ್ದರು. ಬಾಕಿಯೆಲ್ಲ ಮೊದಲಿನಂತೆಯೇ ಇತ್ತು. ಮಾದೇವಕ್ಕ ಮೀನು ಮಗುಚುತ್ತ ತಲೆಯೆತ್ತಿದಳು.

"ಇವತ್ತಿಗೆ ಎರಡು ಗಾಡಿ ಆಯ್ತು," ಅಂದಳು. "ಬ್ಯಾಡ ತಮಾ."

ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ. ನಾನು ಹೇಳಿಕೊಟ್ಟಷ್ಟೇ ಗಟ್ಟಿಯಾಗಿ, ಒಂದು ತಪ್ಪೂ ಇಲ್ಲದೆ ಹೇಳಿದ್ದಳು. ಕಲಿಸಿದ ಮೇಷ್ಟ್ರಿಗೆ ಹೆಮ್ಮೆಯಾಗಬೇಕಿತ್ತು. ಸರಿ ಅಕ್ಕಾ ಎಂದು ತಿರುಗಿ, ಸೀದಾ ಕಾರವಾರದ ಬೀಚಿಗೆ ಹೋದೆ. ಆ ಜನಜಂಗುಳಿಯ ನಡುವೆ ಚುರುಮುರಿ ತಿನ್ನುತ್ತ ಒಂದು ತಾಸು ಕೂತೆ. ಅಲ್ಲಿ ನನಗೆ ಬೇಡ ಅನ್ನುವವರು ಯಾರೂ ಇರಲಿಲ್ಲ. ಬಾ ಅನ್ನುವವರೂ ಇರಲಿಲ್ಲ.