ಮನೆಗೆ ಬನ್ನಿ, ಕೂತು ಮಾತಾಡೋಣ

ಕಾರ್ಯದರ್ಶಿಯ ಮನೆಯ ಕರೆಗಂಟೆಗೆ ರಜೆ ಎಂಬುದೇ ಇರಲಿಲ್ಲ. ಕಟ್ಟಡದ ನಿವಾಸಿಗಳ ಸಂಘಕ್ಕೆ ಅವನನ್ನು ಕಾರ್ಯದರ್ಶಿ ಮಾಡಿದ್ದೇ ತಡ, ಲಿಫ್ಟ್ ನಿಂತರೂ ಗಂಟೆ, ನೀರು ನಿಂತರೂ ಗಂಟೆ, ಮೇಲಿನ ಮನೆಯ ಟವೆಲ್ಲು ಕೆಳಗಿನ ಮನೆಯ ಬಾಲ್ಕನಿಗೆ ಬಿದ್ದರೂ ಗಂಟೆ. ಸ್ನಾನದ ನಡುವೆ ಸೋಪಿನ ನೊರೆಯ ಸಮೇತ ಬಾಗಿಲು ತೆಗೆದು "ಆಯ್ತು, ನೋಡ್ತೀನಿ" ಎನ್ನುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ಕೊನೆಗೆ ಅವನೊಂದು ಉಪಾಯ ಹೂಡಿದ. ದೂರುಗಳಿಗೇ ಒಂದು ವೆಬ್‌ಸೈಟ್! ಜನರ ಕಣ್ಣಿಗೆ ಕಾಣುವ ಪುಟ ಬರೆಯುವುದು ಕಷ್ಟವಿರಲಿಲ್ಲ. ಕಚೇರಿಯಲ್ಲಿ ಅವನ ಕೆಲಸವೇ ಅದು. ಆದರೆ ಯಾರು ಏನು ಬರೆದರೆಂದು ನೆನಪಿಡುವ, ಪಾಸ್‌ವರ್ಡ್ ನೋಡಿ ಒಳಗೆ ಬಿಡುವ ಹಿಂಬದಿಯ ಚಾಕರಿಗೆ ಬ್ಯಾಕೆಂಡ್ ಬೇಕಲ್ಲ? ಹುಡುಕಿದಾಗ ಓಪನ್ ಸೋರ್ಸ್ ಬ್ಯಾಕೆಂಡ್ ಒಂದು ಸಿಕ್ಕಿತು. ಬಿಟ್ಟಿ. ಒಳಗಿನ ಕೋಡನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ಸಂಸಾರ ಒಂದೇ ಫೈಲು. ಡೇಟಾಬೇಸು, ಬಳಕೆದಾರರ ಖಾತೆ, ಎಲ್ಲವನ್ನೂ ಆಳುವ ಯಜಮಾನನ ಪುಟ, ಹೀಗೆ ಒಂದರ ಮೇಲೊಂದು ಕೂತ ಟಿಫಿನ್ ಕ್ಯಾರಿಯರ್‌ನಂತೆ. ಅಟ್ಟಕ್ಕೆ ಎಸೆದಿದ್ದ ಮುದಿ ಲ್ಯಾಪ್‌ಟಾಪಿನಲ್ಲೂ ಅದು ಉಸಿರು ಕಟ್ಟದೆ ಓಡಿತು. ಖಾಲಿ ಪ್ಲಗ್ಗು ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಲ್ಯಾಪ್‌ಟಾಪನ್ನು ಅಲ್ಲೇ, ಫ್ರಿಜ್ಜಿನ ಪಕ್ಕದ ಕಟ್ಟೆಯ ಮೇಲೆ ಇಟ್ಟ.

"ಅಮ್ಮಾ, ಇದನ್ನ ಆಫ್ ಮಾತ್ರ ಮಾಡ್ಬೇಡ."

"ನಾನ್ಯಾಕೋ ಆಫ್ ಮಾಡ್ಲಿ? ಏನಿದು?"

"ಇನ್ಮೇಲೆ ಎಲ್ಲರ ದೂರೂ ಇದಕ್ಕೇ ಬರುತ್ತೆ. ಯಾರೂ ಮನೆಗೆ ಬರಲ್ಲ. ಕಾಟ ತಪ್ತು!"

ಅಮ್ಮ "ಓ" ಎಂದಳು. ಅಕ್ಕನ ಮನೆಯಿಂದ ಇವನಲ್ಲಿಗೆ ಬಂದು ಅವಳಿಗಿನ್ನೂ ಹೆಚ್ಚು ದಿನವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಟ್ಟಡದವರಿಗೆಲ್ಲ ಸೈಟಿನ ವಿಳಾಸ ಕಳಿಸಿ, ಪೇಪರ್ ಹಿಡಿದು ಸೋಫಾದ ಮೇಲೆ ಕಾಲು ಚಾಚಿದ. ಪುಟ ತಿರುಗಿಸುವಷ್ಟರಲ್ಲಿ ಗಂಟೆ ಬಾರಿಸಿತು. ಬಾಗಿಲಲ್ಲಿ ಕೆಳಮನೆಯ ಹಲ್ಲಿನ ಡಾಕ್ಟರು.

"ಬಚ್ಚಲ ಗೋಡೆ ಒದ್ದೆ ಆಗ್ತಿದೆ ಅಂತ ದೂರು ಹಾಕಿದ್ದೆ."

"ಹಾಕಿದ್ಮೇಲೆ ಆಯ್ತಲ್ಲ ಡಾಕ್ಟ್ರೇ. ಬರೋ ತೊಂದ್ರೆ ಯಾಕೆ ತಗೊಂಡ್ರಿ?"

"ಅಯ್ಯೋ, ನೀವೇ ಕರೆದಿದ್ದೀರಲ್ರೀ!" ಡಾಕ್ಟರು ಫೋನನ್ನು ಮುಂದೆ ಹಿಡಿದರು. ದೂರಿನ ಕೆಳಗೆ ಉತ್ತರವಿತ್ತು: 'ಮನೆಗೆ ಬನ್ನಿ, ಕೂತು ಮಾತಾಡೋಣ.'

ಕಾರ್ಯದರ್ಶಿಯ ಮುಖ ಇಂಜೆಕ್ಷನ್ ಇಲ್ಲದೆ ಹಲ್ಲು ಕೀಳಿಸಿಕೊಂಡವನ ಹಾಗಾಯಿತು. ಅದನ್ನು ಅವನು ಬರೆದಿರಲಿಲ್ಲ.

ಡಾಕ್ಟರು ಕೂತರು. ಯಾರೂ ಹೇಳದೆಯೇ ಅಮ್ಮ ಟೀ ತಂದಿಟ್ಟಳು. ಲೋಟ ಅರ್ಧವಾಗುವಷ್ಟರಲ್ಲಿ ಸಂಗೀತದ ಟೀಚರು ತಾರಕಸ್ಥಾಯಿಯಲ್ಲೇ ಒಳಗೆ ಬಂದರು.

"ಕರೆದ್ರಿ, ಬಂದೆ. ಆದ್ರೆ ನನ್ನ ದೂರಿಗೆ ಯಾರ್ರೀ ಕೈ ಹಾಕಿದ್ದು? ನಾನು ಲಿಫ್ಟಿನ 'ಭಾಗಿಲು' ಅಂತ ಬರೆದಿದ್ದೆ. ಈಗ ನೋಡಿದ್ರೆ 'ಬಾಗಿಲು' ಆಗಿದೆ!"

ಕಾರ್ಯದರ್ಶಿ ಗಾಬರಿಯಿಂದ ಕಚೇರಿಯ ಲ್ಯಾಪ್‌ಟಾಪನ್ನು ಮಡಿಲಿಗೆ ಎಳೆದುಕೊಂಡು ಯಜಮಾನನ ಪುಟ ತೆರೆದ. ಅಷ್ಟೂ ದೂರುಗಳಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿಲ್ಲ! ಅಂಥ ಕೆಲಸ ಮಾಡುವ ಪ್ರಾಣಿ ಆ ಕಟ್ಟಡದಲ್ಲಿ ಇದ್ದದ್ದು ಒಂದೇ: ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರು. ಆದರೆ ಅವರು ಒಳಗೆ ನುಗ್ಗಿದ್ದಾದರೂ ಹೇಗೆ?

ನಿಯಮಗಳ ಪುಟ ತೆಗೆದ. 'ದೂರನ್ನು ಯಾರು ತಿದ್ದಬಹುದು?' ಎಂಬಲ್ಲಿ ಅವನು ಏನೂ ತುಂಬಿರಲಿಲ್ಲ. ಖಾಲಿ ಬಿಟ್ಟರೆ ಯಾರೂ ತಿದ್ದುವಂತಿಲ್ಲ ಎಂದುಕೊಂಡಿದ್ದ. ಈಗ ಕೈಪಿಡಿ ಓದಿದರೆ ಎಲ್ಲ ತಿರುಗಾಮುರುಗಾ. ಖಾಲಿ ಬಿಟ್ಟರೆ ಯಾರು ಬೇಕಾದರೂ ತಿದ್ದಬಹುದಂತೆ. ಯಾರೂ ಬೇಡವೆಂದರೆ ಬೇರೆಯೇ ಬೀಗ ಹಾಕಬೇಕಂತೆ. ಅಂದರೆ ಬೆಳಗಿನಿಂದ ಅವನ ಬ್ಯಾಕೆಂಡು ಬಾಗಿಲಿಲ್ಲದ ಛತ್ರವಾಗಿತ್ತು.

ಅಷ್ಟರಲ್ಲಿ ಮೇಷ್ಟ್ರೇ ಬಂದರು. "ನೀರಿನ ಟ್ಯಾಂಕಿನ ವಿಷಯ ಬರೆದಿದ್ದೆ. ಮನೆಗೆ ಬನ್ನಿ ಅಂದ್ಯಲ್ಲಪ್ಪ?"

"ಸಾರ್, ನಿಜ ಹೇಳಿ. ಇದೆಲ್ಲ ನೀವೇ ತಾನೇ?"

"ತಿದ್ದಿದ್ದು ನಾನೇ. ಅಲ್ಪಪ್ರಾಣ ಮಹಾಪ್ರಾಣದ ಗೊತ್ತುಗುರಿ ಇಲ್ದೆ ಬರೆದಿದ್ರೆ ನೋಡ್ಕೊಂಡು ಹೇಗಪ್ಪಾ ಸುಮ್ನಿರ್ಲಿ? ಆದ್ರೆ ಆ ಉತ್ತರ ನಂದಲ್ಲ."

"ಹೇಗೆ ನಂಬೋದು?"

"ನಂದಾಗಿದ್ರೆ 'ದಯಮಾಡಿ' ಅಂತ ಸೇರಿಸ್ತಿದ್ದೆ."

ಟೀಚರು "ನನ್ನ ಭಾಗಿಲು ನನ್ನಿಷ್ಟ" ಎಂದು ಮೇಷ್ಟ್ರ ಮೇಲೆ ಹರಿಹಾಯ್ದರು. ಡಾಕ್ಟರು ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡರು. ಗದ್ದಲದ ನಡುವೆಯೇ ಕಾರ್ಯದರ್ಶಿ ಬೀಗ ಹಾಕಿದ. ತಿದ್ದುವುದಕ್ಕೂ, ಉತ್ತರಿಸುವುದಕ್ಕೂ. "ಮುಗೀತು! ಇನ್ನು ಯಜಮಾನನ ಪುಟ ಬಿಟ್ಟು ಬೇರೆಲ್ಲಿಂದಲೂ ಒಂದಕ್ಷರ ಅಲ್ಲಾಡಲ್ಲ," ಎಂದು ಎದೆಯುಬ್ಬಿಸಿದ.

ಆ ಮಾತು ಮುಗಿಯುವ ಮುನ್ನ ಅವನ ಕಣ್ಣೆದುರೇ ಪರದೆಯ ಮೇಲೆ ಇನ್ನೊಂದು ಉತ್ತರ ಮೂಡಿತು. ಮೆಟ್ಟಿಲ ದೀಪ ಕೆಟ್ಟಿದೆ ಎಂದಿದ್ದವರಿಗೆ: 'ಮನೆಗೆ ಬನ್ನಿ, ಕೂತು ಮಾತಾಡೋಣ. ಎಲ್ಲರೂ ಇಲ್ಲೇ ಇದ್ದಾರೆ.'

ಎಲ್ಲರೂ ಇಲ್ಲೇ ಇದ್ದಾರೆಂದು ಬರೆದವರಿಗೆ ಹೇಗೆ ಗೊತ್ತು? ಯಜಮಾನನ ಪುಟ ತೆರೆದಿದ್ದುದು ಎರಡೇ ಕಡೆ. ಒಂದು ಅವನ ಮಡಿಲಲ್ಲಿ. ಇನ್ನೊಂದು... ಅವನು ಮೆಲ್ಲನೆ ಎದ್ದು ಅಡುಗೆಮನೆಗೆ ಇಣುಕಿದ.

ಒಲೆಯ ಮೇಲೆ ಟೀ ಉಕ್ಕುವುದರಲ್ಲಿತ್ತು. ಅಮ್ಮ ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು, ಒಂದೇ ಬೆರಳಿನಲ್ಲಿ, ರಂಧ್ರ ಹುಡುಕಿ ಸೂಜಿಗೆ ದಾರ ಪೋಣಿಸುವವರ ಏಕಾಗ್ರತೆಯಿಂದ ಅಕ್ಷರ ಒತ್ತುತ್ತಿದ್ದಳು.

"ಅಮ್ಮಾ!"

ಅವಳು ಬೆಚ್ಚಿ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನಾನು ಆಫ್ ಮಾಡಿಲ್ಲ ಕಣೋ."

ಕಾರ್ಯದರ್ಶಿಗೆ ನಗಬೇಕೋ ಕೂಗಾಡಬೇಕೋ ತಿಳಿಯಲಿಲ್ಲ. ಮೊದಲು ಒಲೆ ಆರಿಸಿದ.

"ಸಿಟ್ಟಾಗ್ಬೇಡ," ಎಂದಳು ಅಮ್ಮ. "ಇಲ್ಲಿ ನಂಗೆ ಪರಿಚಯ ಇರೋರು ಅಂದ್ರೆ ಗಂಟೆ ಒತ್ತೋರೇ. ನೀನು ಕೆಲಸಕ್ಕೆ ಹೋದ್ಮೇಲೆ ಬರ್ತಾರೆ. ಮೊದಲು ನಲ್ಲಿ ವಿಷ್ಯ ಹೇಳ್ತಾರೆ, ಆಮೇಲೆ ಸೊಸೆ ವಿಷ್ಯ, ಆಮೇಲೆ ಮಂಡಿ ನೋವಿನ ವಿಷ್ಯ. ಅವರನ್ನೂ ಈ ಪೆಟ್ಟಿಗೆಯೊಳಗೆ ತುಂಬಿಬಿಟ್ರೆ ನಾನು ಯಾರ ಹತ್ರ ಮಾತಾಡ್ಲಿ? ನೀನಂತೂ ಸಂಜೆ ಬಂದು 'ಹೂಂ' ಅಂತೀಯ. ಅದೂ ಪರದೆ ನೋಡ್ಕೊಂಡು."

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಟಿತು. ಯಜಮಾನನ ಪುಟ ಮುಚ್ಚಲೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಒಂದು ಲೋಟ ಟೀ ಬಗ್ಗಿಸಿ ಅವಳ ಕೈಗಿತ್ತು, ತಾನೂ ಕಟ್ಟೆಗೆ ಒರಗಿ ನಿಂತ.

"ಬಂದ್ರೆ ಬರ್ಲಿ ಬಿಡು. ನಮ್ಮ ಕಟ್ಟಡದವರು ತಾನೇ, ಎಷ್ಟು ಜನ ಮಹಾ! ನಿನ್ನ ಹೆಸರಲ್ಲೇ ಒಂದು ಖಾತೆ ಮಾಡ್ಕೊಡ್ತೀನಿ. ನನ್ನ ಹೆಸರಲ್ಲಿ ಬರೀಬೇಡ, ಅಷ್ಟೇ."

"ಖಾತೆ ಮಾಡೋದು ನಂಗೂ ಬರುತ್ತೆ," ಎಂದಳು ಅಮ್ಮ ಸಂಕೋಚದಿಂದ. "ಇಲ್ಲೊಂದು ಗುಂಡಿ ಇದೆ. ಒತ್ತಿ ಹೆಸರು ಬರೆದ್ರೆ ಆಯ್ತು."

"ಒತ್ತಿದ್ಯಾ?"

ಅಮ್ಮ ಟೀ ಕುಡಿಯುವುದರಲ್ಲಿ ಮಗ್ನಳಾದಳು. ಗಂಟೆ ಬಾರಿಸಿತು.

ಬಾಗಿಲಲ್ಲಿ ಕಾರ್ಯದರ್ಶಿ ಎಂದೂ ಕಾಣದ ಮುಖ. ಅದರ ಹಿಂದೆ ಮೆಟ್ಟಿಲುದ್ದಕ್ಕೂ ಇನ್ನಷ್ಟು ಮುಖಗಳು. ಆಗಲೇ ಚಪ್ಪಲಿ ಬಿಡುತ್ತಿದ್ದರು.

"ನಮಸ್ಕಾರ. ನಾವು ಎದುರಿನ ದೊಡ್ಡ ಕಟ್ಟಡದವರು. ನಿಮ್ಮ ತಾಯಿಯವರು ಅಡುಗೆಮನೆ ಬಾಲ್ಕನಿಯಿಂದಲೇ ಹೆಸರು ಕೇಳಿ ನಮಗೆಲ್ಲ ಖಾತೆ ಮಾಡಿಕೊಟ್ರು. ಆಮೇಲೆ ಮನೆಗೂ ಕರೆದ್ರು."

"ಏನು ದೂರು?" ಕಾರ್ಯದರ್ಶಿಯ ದನಿ ಬಾವಿಯೊಳಗಿಂದ ಬಂದಂತಿತ್ತು. "ಲಿಫ್ಟಾ? ನೀರಾ?"

"ಛೆ ಛೆ, ನಮ್ಮಲ್ಲಿ ಎಲ್ಲ ಸರಿಯಾಗಿದೆ," ಎಂದರು ಅವರು ಒಳಗೆ ಬರುತ್ತ. "ಸುಮ್ನೆ ಮಾತಾಡಿಸ್ಕೊಂಡು ಹೋಗೋಣ ಅಂತ."