ಅತ್ತೆಯ ಸಾವಿರದೈನೂರು ರೂಪಾಯಿಯ ತೋಟ

ದಿಲ್ಲಿಯ ಮಯೂರ್ ವಿಹಾರದಲ್ಲಿ ನನ್ನ ಸೋದರತ್ತೆ ಇದ್ದ ಸೊಸೈಟಿಯ ಅರ್ಧ ಜನ ಅವರಿಗೆ ತಲೆ ಕೆಟ್ಟಿದೆ ಎಂದು ನಂಬಿದ್ದರು. ಉಳಿದರ್ಧ ಜನ ಅವರಿಂದ ನುಗ್ಗೆಕಾಯಿ ಕೊಳ್ಳುತ್ತಿದ್ದರು. ಲೋಧಿ ಕಾಲೋನಿಯಲ್ಲಿದ್ದ ನಾನೊಬ್ಬಳು ಮಾತ್ರ ಎರಡೂ ಗುಂಪಿಗೆ ಸೇರಿದವಳು!

ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಫೈಲು ತಳ್ಳಿ ನಿವೃತ್ತರಾದವರು ಏನು ಮಾಡುತ್ತಾರೆ? ಕಾಶಿಗೆ ಹೋಗುತ್ತಾರೆ, ದೊಡ್ಡ ಟಿ.ವಿ. ತರುತ್ತಾರೆ. ಅತ್ತೆ ದಿಲ್ಲಿಯಾಚೆ ಉತ್ತರ ಪ್ರದೇಶದ ದಾದ್ರಿಯ ಕಡೆ ಒಂದು ಬೀಘಾ ಜಮೀನು ಕೊಂಡರು. ನಮ್ಮ ಕಡೆಯ ಲೆಕ್ಕದಲ್ಲಿ ಎಂಟು ಗುಂಟೆ. ಮದುವೆಯಾಗಿರಲಿಲ್ಲ, ಹಾಗಾಗಿ ತಡೆಯುವವರೂ ಇರಲಿಲ್ಲ.

ನನ್ನ ಗಂಡ ಕಾಗದ ಪೆನ್ನು ಹಿಡಿದು ಕೂತರು. “ಅತ್ತೆ, ಅಣಬೆ ಬೆಳೆಯಿರಿ. ವರ್ಷಕ್ಕೆ ಎರಡು ಲಕ್ಷ!”

“ನೀವು ಒಂದಾದರೂ ಅಣಬೆ ಬೆಳೆದಿದ್ದೀರಾ?”

“ಇಲ್ಲ, ಪೇಪರ್‌ನಲ್ಲಿ ಓದಿದೆ.”

“ಹಾಗಾದ್ರೆ ಪೇಪರ್‌ನಲ್ಲೇ ಬೆಳೀರಿ. ನನಗೆ ತಿಂಗಳಿಗೆ ಸಾವಿರದೈನೂರು ಬಂದ್ರೆ ಸಾಕು. ಎಂಟು ಗುಂಟೇಲಿ ಲಕ್ಷ ತೆಗೀತೀನಿ ಅನ್ನೋನು ಜಮೀನು ನೋಡಿರಲ್ಲ, ಇಲ್ಲಾ ಲಕ್ಷ ನೋಡಿರಲ್ಲ.”

ಮೊದಲ ವರ್ಷ ಸಾವಿರದೈನೂರಿರಲಿ, ಹದಿನೈದು ರೂಪಾಯಿಯೂ ಬರಲಿಲ್ಲ. ಜನವರಿಯ ಚಳಿಗೆ ಬಾಳೆಗಿಡಗಳು ಕಪ್ಪಗೆ ಕುಸಿದುಬಿದ್ದವು. ಟೊಮೆಟೊ ಚೆನ್ನಾಗಿ ಬಂತು. ಆದರೆ ಅತ್ತೆಯ ಟೊಮೆಟೊ ಹಣ್ಣಾದ ವಾರವೇ ಇಡೀ ಉತ್ತರ ಪ್ರದೇಶದ ಟೊಮೆಟೊ ಹಣ್ಣಾಗಬೇಕೇ? ಮಂಡಿಗೆ ಒಯ್ದ ಟೆಂಪೋದ ಬಾಡಿಗೆಯೂ ಹುಟ್ಟಲಿಲ್ಲ. ಉಳಿದದ್ದು ನಮ್ಮ ಮನೆಗೆ ಬಂತು. ಟೊಮೆಟೊ ಸಾರು, ಟೊಮೆಟೊ ಗೊಜ್ಜು, ಟೊಮೆಟೊ ಬಾತು. ಹತ್ತನೇ ದಿನ ಮಗಳು ಕೈಮುಗಿದಳು: “ಮಮ್ಮಿ ಪ್ಲೀಸ್, ಆಜ್ ಕುಛ್ ಔರ್!” ಇವತ್ತಾದರೂ ಬೇರೇನಾದರೂ ಮಾಡು ಅಂತ.

ಅತ್ತೆ ಮಾತ್ರ ಅಳಲಿಲ್ಲ, ಯೋಚಿಸಿದರು. “ತರಕಾರಿ ಭಯ್ಯಾನ ಗಾಡೀಲಿ ಇರೋದನ್ನ ನಾನ್ಯಾಕೆ ಬೆಳೀಬೇಕು? ಇಲ್ಲದ್ದನ್ನ ಬೆಳೀಬೇಕು ಕಣೇ.”

ಹೀಗೆ ದಾದ್ರಿಯ ಮಣ್ಣಿನಲ್ಲಿ ಬಸಳೆ ಚಪ್ಪರ ಎದ್ದಿತು. ಹರಿವೆ ಬಂತು, ಕರಿಬೇವು ಬಂತು, ಬೇಲಿಗುಂಟ ನುಗ್ಗೆ. ಪಕ್ಕದ ಹೊಲದ ಮನೆಯ ಕಮಲೇಶ್ ಎಂಬ ಹೆಂಗಸು ನೀರು ಹಾಯಿಸಲು ಒಪ್ಪಿದಳು. ಅವಳ ಗಂಡ ಲಾರಿ ಡ್ರೈವರ್, ಮೂರು ತಿಂಗಳಿಗೊಮ್ಮೆ ಮುಖ ತೋರಿಸುವವನು. ಬಂದದ್ದರಲ್ಲಿ ಅತ್ತೆಗೂ ಅವಳಿಗೂ ಅರ್ಧರ್ಧ ಪಾಲು. ಬಸಳೆಯನ್ನು ಮೊದಲು ಕಂಡಾಗ ಕಮಲೇಶ್, “ಅಮ್ಮಾಜಿ, ಇದನ್ನು ಎಮ್ಮೆಗೆ ಹಾಕೋದಾ?” ಎಂದು ಕೇಳಿದ್ದಳಂತೆ!

ಪ್ರತಿ ಶನಿವಾರ ಅತ್ತೆ ಎರಡು ಚೀಲ ಹೊತ್ತು ಬಸ್ಸು ಹತ್ತಿ ದಿಲ್ಲಿಯ ಕನ್ನಡಿಗರ ಮನೆಮನೆಗೆ ಬರುತ್ತಿದ್ದರು. ನಮ್ಮ ಮನೆಗೂ. ಸಂಬಂಧ ಬೇರೆ, ಸೊಪ್ಪು ಬೇರೆ.

“ಕರಿಬೇವಿಗೂ ಐದು ರೂಪಾಯಿನಾ ಅತ್ತೆ? ಭಯ್ಯಾ ಬಿಟ್ಟಿ ಕೊಡ್ತಾನೆ!”

“ಅವನು ಬಿಟ್ಟಿ ಕೊಡೋದು ಕೊತ್ತಂಬರಿ. ಕರಿಬೇವು ಕೇಳಿ ನೋಡು, ಬೇವಿನ ಸೊಪ್ಪು ಕೊಟ್ಟು ಕಳಿಸ್ತಾನೆ.”

ಕೇಳಿ ನೋಡಿದೆ. ಬೇವಿನ ಸೊಪ್ಪೇ ಕೊಟ್ಟ.

ಮೂರನೇ ವರ್ಷದ ಬೇಸಿಗೆಯಲ್ಲಿ ಅತ್ತೆಯ ಪಾಲು ಸಾವಿರದೈನೂರು ಮುಟ್ಟಿತು. ನಾವು ಚಪ್ಪಾಳೆ ತಟ್ಟಿದೆವು. “ಚಳಿಗಾಲಕ್ಕೆ ಐನೂರಕ್ಕಿಳಿಯುತ್ತೆ, ಈಗಲೇ ಕುಣೀಬೇಡಿ,” ಎಂದರು. ಐನೂರಕ್ಕೇ ಇಳಿಯಿತು. ಇಷ್ಟು ಸರಿಯಾಗಿ ಬಡತನ ಊಹಿಸುವ ಕೃಷಿಕರನ್ನು ನೀವು ನೋಡಿದ್ದೀರಾ?

ಮರುವರ್ಷ ಅತ್ತೆಯ ಮಂಡಿಚಿಪ್ಪು ಸವೆದು ಆಪರೇಷನ್ ಆಯಿತು. ನಮ್ಮ ಮನೆಯಲ್ಲೇ ಮಲಗಿದರು. ಎರಡು ತಿಂಗಳಾದರೂ ಮೆಟ್ಟಿಲು ಇಳಿಯುವಂತಿರಲಿಲ್ಲ. ಜಮೀನು ಕೊಳ್ಳುತ್ತೇನೆಂದು ಬ್ರೋಕರ್ ದಿನವೂ ಫೋನ್ ಮಾಡುತ್ತಿದ್ದ. ಅತ್ತೆಯನ್ನು ಒಪ್ಪಿಸುವ ಕೆಲಸ ನನ್ನ ತಲೆಗೆ ಬಿತ್ತು. ದೊಡ್ಡ ಜಗಳಕ್ಕೇ ಸಿದ್ಧಳಾಗಿ ಹೋದೆ.

“ಮಾರಿಬಿಡಿ,” ಎಂದರು ಅತ್ತೆ, ಗೋಡೆಯ ಕಡೆ ತಿರುಗಿ. “ಎರಡು ತಿಂಗಳಿಂದ ಯಾರೂ ಕೊಯ್ದಿರಲ್ಲ, ಎಲ್ಲ ಒಣಗಿರುತ್ತೆ.”

ಗೆದ್ದೆ ಅನ್ನಿಸಲಿಲ್ಲ.

ಎರಡು ದಿನದ ಮೇಲೆ ಬಾಗಿಲ ಗಂಟೆ ಬಡಿಯಿತು. ಕಮಲೇಶ್! ತಲೆಯ ಮೇಲೆ ಸೆರಗು, ಕಂಕುಳಲ್ಲಿ ಖಾಲಿ ಚೀಲ. ಮಯೂರ್ ವಿಹಾರದ ನೆರೆಯವರಿಂದ ನಮ್ಮ ವಿಳಾಸ ಬರೆಸಿಕೊಂಡು ಬಂದಿದ್ದಳು. ಮಂಚದ ಬಳಿ ಕೂತು ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಇಟ್ಟಳು. ಎರಡು ತಿಂಗಳ ಅತ್ತೆಯ ಪಾಲು.

“ಯಾರು ಮಾರಿದ್ದು?” ಅತ್ತೆ ಹಿಂದಿಯಲ್ಲಿ ಕೇಳಿದರು.

“ನಾನೇ, ಅಮ್ಮಾಜಿ. ನಿಮ್ಮ ಜೊತೆ ಚೀಲ ಹೊತ್ತು ಒಂದೆರಡು ಸಲ ಬಂದಿದ್ದೆನಲ್ಲ, ಮಯೂರ್ ವಿಹಾರದ ಕಡೆಯ ಮನೆಗಳು ನೆನಪಿದ್ದವು.”

“ಆ ಮನೆಯವರ ಹತ್ತಿರ ಏನಂತ ಕೇಳ್ತೀಯಾ?”

ಕಮಲೇಶ್ ನಾಚಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತವಳ ಹಾಗೆ ಕನ್ನಡದಲ್ಲೇ ದನಿ ಎತ್ತಿದಳು: “ಅಮ್ಮಾ, ಬಸಳೆ ಬೇಕಾ? ಹರಿವೆ ಇದೆ. ಕರಿಬೇವು ನಾಳೆ!”

ದಿಲ್ಲಿಯಲ್ಲೇ ಹುಟ್ಟಿದ ನನ್ನ ಮಗಳು ಇವತ್ತಿಗೂ ‘ಬಸಲೆ’ ಎನ್ನುತ್ತಾಳೆ. ದಾದ್ರಿಯ ಕಮಲೇಶಳ ಬಾಯಲ್ಲಿ ‘ಳ’ ದುಂಡಗೆ ಹೊರಳಿತು.

ಅತ್ತೆ ಜೋರಾಗಿ ನಕ್ಕರು. ನಗುತ್ತಲೇ ಇದ್ದರು, ಆದರೆ ಕಣ್ಣಿಂದ ನೀರು ಇಳಿಯತೊಡಗಿತು. ನಾನು ಅವರ ಕಣ್ಣೀರು ಕಂಡದ್ದು ಅದೇ ಮೊದಲು. ಕಮಲೇಶಳ ಮಣ್ಣುಗಟ್ಟಿದ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಹಿಂದಿಯನ್ನು ಪೂರ್ತಿ ಮರೆತು, ಕನ್ನಡದಲ್ಲೇ ಹೇಳಿದರು:

“ಇನ್ನೊಂದ್ಸಲ ಹೇಳೇ, ಮಗಳೇ.”

ನಾನು ಮೆಲ್ಲಗೆ ಎದ್ದು, ಜಮೀನು ಮಾರುವುದಿಲ್ಲ ಎಂದು ಬ್ರೋಕರ್‌ಗೆ ಹೇಳಲು ಪಕ್ಕದ ಕೋಣೆಗೆ ಹೋದೆ.