ಸಂಡಿಗೆ ಕೇಸಿನಲ್ಲಿ ನನ್ನ ವಾದ

ವಾದ ಮಾಡುವುದರಲ್ಲಿ ಇಡೀ ಗೋವಿಂದರಾಜನಗರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಎಪ್ಪತ್ತರ ದಶಕದಲ್ಲಿ ಎಲ್ಲರೂ ಒಪ್ಪಿದ್ದರು. ಎಲ್ಲರೂ ಎಂದರೆ, ನಾನು!

ಆಗಿನ ಒಂದು ಬೇಸಿಗೆಯ ಭಾನುವಾರ ನಮ್ಮ ವಠಾರದ ಓನರ್ ಪಾರ್ವತಮ್ಮ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಸಂಜೆ ನೋಡಿದರೆ ನಾಲ್ಕು ಸಾಲು ಮಾಯ! ಆರೋಪ ಬಿದ್ದದ್ದು ತಾರಸಿ ರೂಮಿನಲ್ಲಿ ಬಾಡಿಗೆಗಿದ್ದ ಹಾವೇರಿ ಕಡೆಯ ಗುಮಾಸ್ತ ಬಸವರಾಜನ ಮೇಲೆ.

"ನಾ ಮುಟ್ಟೇ ಇಲ್ರೀ ಅಮ್ಮಾರ," ಎಂದ ಪಾಪ.

"ವಠಾರದ ಆರು ಜನ ಯಜಮಾನ್ರೂ ಕೂತು ತೀರ್ಮಾನ ಮಾಡಿ. ಇವನೇ ಅಂತಾದ್ರೆ ನಾಳೆನೇ ರೂಮ್ ಖಾಲಿ!" ಎಂದರು ಪಾರ್ವತಮ್ಮ.

ಅವನು ನಿರಪರಾಧಿ ಎಂದು ನನಗೆ ಖಾತ್ರಿಯಿತ್ತು. ತಿಂದವನು ನಾನು! ಅರ್ಧ ಒಣಗಿದ ಸಂಡಿಗೆಯ ರುಚಿ ಬಲ್ಲವರು ಕ್ಷಮಿಸುತ್ತಾರೆ. ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ವಾರವಷ್ಟೇ ಒಂದು ಇಂಗ್ಲಿಷ್ ಸಿನಿಮಾ ನೋಡಿದ್ದೆ. ಮುಚ್ಚಿದ ಕೋಣೆಯಲ್ಲಿ ಎಲ್ಲರೂ "ಇವನೇ ಅಪರಾಧಿ" ಎನ್ನುವಾಗ ಒಬ್ಬನೇ ಒಬ್ಬ "ಅಲ್ಲ" ಎಂದು ವಾದಿಸಿ ಎಲ್ಲರನ್ನೂ ತಿರುಗಿಸುತ್ತಾನೆ. ಆ ಒಬ್ಬ ನಾನಾಗಬೇಡವೇ?

ಆರು ಜನರೂ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಬಾಗಿಲು ಮುಚ್ಚಿದೆವು. ಬಸವರಾಜನ ವಿರುದ್ಧ ಐದು ಕೈ ಎದ್ದವು.

"ಮಹನೀಯರೇ..." ಎಂದು ನಾನು ಎದ್ದೆ.

"ಬೇಗ ಮುಗಿಸಿ ಸಾರ್, ಸೆಖೆ," ಎಂದರು ಶಾಮಣ್ಣ. ಅವರ ಮನೆ ತಾರಸಿಯ ನೇರ ಕೆಳಗಿತ್ತು. ಅವರೇ ಮುಖ್ಯ ಸಾಕ್ಷಿ. "ಮಧ್ಯಾಹ್ನ ಮಲಗಿದ್ದೆ. ತಲೆ ಮೇಲೆ ಯಾರೋ ಧಡಧಡ ಓಡಿದ್ರು. ಅವನೇ ಕಣ್ರೀ!"

"ಅವನು ಕಡ್ಡಿ ಥರ ಇದಾನೆ. ಓಡಿದ್ರೆ ಕೇಳ್ಸುತ್ತಾ? ಪರೀಕ್ಷೆ ಮಾಡೋಣ!"

ಎಲ್ಲರೂ ಶಾಮಣ್ಣನ ಮನೆಯಲ್ಲಿ ಕಿವಿಗೊಟ್ಟು ಕೂತೆವು. ಮೇಲೆ ಬಸವರಾಜ ಮೂರು ಸಲ ಓಡಿದ. ಇರುವೆ ನಡೆದಷ್ಟೂ ಸದ್ದಿಲ್ಲ! ನಾಲ್ಕು ಜನ ನನ್ನ ಕಡೆ ಬಂದರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ನಾನು ನಾನಾಗುತ್ತಿರಲಿಲ್ಲ.

"ಹಂಗಾದ್ರೆ ನಂಗೆ ಕೇಳ್ಸಿದ್ದು ಸುಳ್ಳಾ?" ಶಾಮಣ್ಣ ಬಗ್ಗಲಿಲ್ಲ.

"ಶುದ್ಧ ಭ್ರಮೆ! ಈ ತಾರಸಿ ಮೇಲೆ ಯಾರು ಓಡಿದ್ರೂ ಕೇಳ್ಸಲ್ಲ. ನಾನೇ ತೋರಿಸ್ತೀನಿ!"

ಹತ್ತಿದೆ. ಓಡಿದೆ. ಕೆಳಗೆ ಶಾಮಣ್ಣನ ಕಾಫಿ ಲೋಟಕ್ಕೆ ಸೂರಿನ ಗಾರೆ ಉದುರಿತಂತೆ.

"ಇದೇ ಸದ್ದು! ಇದೇ!" ಎಂದು ಕಿರುಚುತ್ತಾ ಅವರು ಮೇಲೆ ಬಂದರು. ಹಿಂದೆ ಇಡೀ ವಠಾರ. ಎಲ್ಲರಿಗಿಂತ ಮುಂದೆ ನನ್ನ ಹೆಂಡತಿ.

"ಬಾಯಲ್ಲೇನ್ರೀ ಅದು?"

ಉತ್ತರಿಸಲು ಮೊದಲು ನುಂಗಬೇಕಿತ್ತು. ದಾರಿಯಲ್ಲಿ ಕೈ ತಾನಾಗಿ ಐದನೇ ಸಾಲಿಗೆ ಹೋಗಿತ್ತು!

"ಮಧ್ಯಾಹ್ನ ಊಟ ಸೇರಲ್ಲ ಅಂದಾಗಲೇ ಅಂದ್ಕೊಂಡೆ," ಎಂದಳು.

ತೀರ್ಪು ಬಂತು. ಬಸವರಾಜ ನಿರ್ದೋಷಿ, ಆರಕ್ಕೆ ಆರು ಮತ. ಗಮನಿಸಿ, ಕೇಸು ಗೆದ್ದವನು ನಾನೇ!

ಆ ಬೇಸಿಗೆಯ ಉಳಿದ ಭಾನುವಾರಗಳೆಲ್ಲ ಕೊಡೆ ಹಿಡಿದು ಕೂತು ಸಂಡಿಗೆಗೆ ಬರುವ ಕಾಗೆ ಓಡಿಸುವ ಶಿಕ್ಷೆ ನನಗಾಯಿತು. ನನ್ನನ್ನು ಕಾಯಲು ಪಕ್ಕದಲ್ಲೇ ಬಸವರಾಜನನ್ನು ಕೂರಿಸಿದರು.